ಮಣೇಲಿನಲ್ಲಿ ರೋಮಿನ ಪಯಣಿಗ: 1623ರ ಒಂದು ಭೇಟಿಯ ಮರುಓದು

ಇಟಲಿಯ ಪಯಣಿಗ ಪಿಯೆತ್ರೊ ದೆಲ್ಲಾ ವಲ್ಲೆ 1623ರ ಡಿಸೆಂಬರಿನಲ್ಲಿ ಗುರುಪುರ ಹೊಳೆಯ ಸೀಮೆಯ ಮಣೇಲಿನಲ್ಲಿ ಉಳ್ಳಾಲದ ಚೌಟರಾಣಿ ಅಬ್ಬಕ್ಕದೇವಿಯನ್ನು ಕಂಡ ಪ್ರಸಂಗ ತುಳುನಾಡಿನ ಇತಿಹಾಸದ ಬರಹಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಆದರೆ ಬರುವುದು ಅದರ ಎರಡೇ ಮಾತು: ರಾಣಿ ಬರಿಗಾಲಲ್ಲಿ ನಡೆದುಬರುತ್ತಿದ್ದಳು, ನೋಡಲು ಅಡುಗೆಮನೆಯ ಕೆಲಸದವಳಂತಿದ್ದಳು. ಕೆಲವರಿಗೆ ಇದು ರಾಣಿಯ ಸರಳತೆಗೆ ಸಾಕ್ಷಿ, ಕೆಲವರಿಗೆ ಯುರೋಪಿಯನ್ನನ ಅಹಂಕಾರಕ್ಕೆ. ಇನ್ನೊಂದು ಓದು ಇವೆರಡಕ್ಕಿಂತ ಹೆಚ್ಚು ಪ್ರಚಾರದಲ್ಲಿದೆ: ಪರಂಗಿಯವರನ್ನು ಕಂಡರಾಗದ ರಾಣಿ ಈ ಬಿಳಿಯನನ್ನೂ ದಾರಿಯಲ್ಲೇ ತಡೆದು ಸಾಗಹಾಕಿದಳು ಎಂಬುದು. ದೆಲ್ಲಾ ವಲ್ಲೆ ಮಂಗಳೂರಿನಿಂದ ಬರೆದ ಕಾಗದವನ್ನು ಕೊನೆಯವರೆಗೆ ಓದಿದವರು ಹೀಗೆ ಬರೆಯಲಾರರು. ಆ ಕಾಗದಗಳ ಭಾರತದ ಭಾಗ ಇಟಾಲಿಯನ್ನಿನಲ್ಲಿ 1663ರಲ್ಲೇ ಅಚ್ಚಾಗಿದೆ. ಹಕ್ಲೂಟ್ ಸೊಸೈಟಿಗಾಗಿ ಎಡ್ವರ್ಡ್ ಗ್ರೇ ಸಂಪಾದಿಸಿದ ಇಂಗ್ಲಿಷ್ ಆವೃತ್ತಿ 1892ರಿಂದ ಎಲ್ಲರ ಕೈಗೂ ಸಿಗುವಂತಿದೆ. ಆಕರ ಸಿಗಲಿಲ್ಲ ಎಂಬ ನೆವಕ್ಕೆ ಇಲ್ಲಿ ಎಡೆಯಿಲ್ಲ.

ಈ ತಪ್ಪು ಓದಿನ ಬೇರು ಕಾಲಗಣನೆಯಲ್ಲಿದೆ. ದೆಲ್ಲಾ ವಲ್ಲೆ ಕಂಡ ರಾಣಿಗೆ ಆಗ ಸುಮಾರು 40 ವರ್ಷ. ಎಂದರೆ ಆಕೆ ಹುಟ್ಟಿದ್ದು 1583ರ ಆಸುಪಾಸಿನಲ್ಲಿ. 16ನೆಯ ಶತಮಾನದ ಐವತ್ತು, ಅರವತ್ತರ ದಶಕಗಳಲ್ಲಿ ಪೋರ್ಚುಗೀಸರ ಪಡೆಗಳನ್ನು ಎದುರಿಸಿದ ಅಬ್ಬಕ್ಕ ಈಕೆಯಾಗಿರಲು ಸಾಧ್ಯವೇ ಇಲ್ಲ. ಅಳಿಯಸಂತಾನದ ಮನೆತನದಲ್ಲಿ ಒಂದೇ ಹೆಸರು ತಲೆಮಾರಿನಿಂದ ತಲೆಮಾರಿಗೆ ಬರುವುದು ವಾಡಿಕೆ. ಮೊದಲಿನವಳ ಯುದ್ಧವನ್ನು ಕೊನೆಯವಳ ಮೇಲೆ ಹೊರಿಸಿ, ಆ ಯುದ್ಧದ ಕೋಪವನ್ನು 1623ರ ಮಾತುಕತೆಯಲ್ಲಿ ಹುಡುಕಿದರೆ ಸಿಗುವುದು ಹುಡುಕುವವರ ಕಲ್ಪನೆಯಷ್ಟೆ.

1623ರ ಜಗಳ ಬೇರೆಯದು, ಅದರ ನೆಲವೂ ಚಿಕ್ಕದು. ಘಟ್ಟದ ಬುಡದ ಬಂಗಾಡಿಯಿಂದ ಮಂಗಳೂರಿನ ಕಡಲವರೆಗೆ ಬಂಗರಸರ ಪ್ರಭಾವ, ಪುತ್ತಿಗೆ, ಮೂಡುಬಿದಿರೆ, ಉಳ್ಳಾಲಗಳಲ್ಲಿ ಚೌಟರು, ವೇಣೂರಿನಲ್ಲಿ ಅಜಿಲರು. ಇಂದಿನ ಮಡಂತ್ಯಾರು ಪೇಟೆಯಲ್ಲಿ ನಿಂತರೆ ಒಂದು ಕಡೆ ಬಂಗಾಡಿ, ಇನ್ನೊಂದು ಕಡೆ ಮೂಡುಬಿದಿರೆ, ನಡುವೆ ವೇಣೂರು, ಯಾವುದೂ ದೂರವಲ್ಲ. ಉಳ್ಳಾಲದ ರಾಣಿಗೂ ಬಂಗರಸನಿಗೂ ಆಗಿದ್ದ ಮದುವೆಯ ಸಂಬಂಧ ಮುರಿದುಬಿದ್ದಿತ್ತು. ಬಂಗರಸ ಮಂಗಳೂರು ಕೋಟೆಯ ಪೋರ್ಚುಗೀಸರನ್ನು ನೆಚ್ಚಿಕೊಂಡ. ರಾಣಿ ಇಕ್ಕೇರಿಯ ವೆಂಕಟಪ್ಪ ನಾಯಕನನ್ನು ಕರೆಸಿಕೊಂಡಳು. ನಾಯಕ ಬಂಗರ ಕೋಟೆಯನ್ನು ವಶಪಡಿಸಿಕೊಂಡ. ಅದರ ಮಾತುಕತೆಗೆಂದೇ ಗೋವೆಯಿಂದ ಜುವಾಂವ್ ಫೆರ್ನಾಂದಿಸ್ ಲೈತಾಂವ್ ಎಂಬ ರಾಯಭಾರಿ ಇಕ್ಕೇರಿಗೆ ಹೊರಟಾಗ ದೆಲ್ಲಾ ವಲ್ಲೆಯೂ ಆ ತಂಡದಲ್ಲಿ ಸೇರಿಕೊಂಡ.

ಇಕ್ಕೇರಿಯಲ್ಲಿ ಉಪಚಾರಕ್ಕೆ ಕೊರತೆಯಾಗಲಿಲ್ಲ. ವಿಠ್ಠಲ ಶೆಣೈ ಎಂಬ ನಾಯಕನ ರಾಯಭಾರಿ ದಾರಿಯುದ್ದಕ್ಕೂ ಜೊತೆಗಿದ್ದ. ಆಸ್ಥಾನದಲ್ಲಿ ಕಾಣಿಕೆ, ದರ್ಶನಗಳೆಲ್ಲ ಕ್ರಮದಂತೆ ನಡೆದವು. ಆದರೆ ಬಂಗರ ನೆಲವನ್ನು ಬಿಟ್ಟುಕೊಡುವ ಮಾತಿಗೆ ನಾಯಕ ಒಪ್ಪಲಿಲ್ಲ, ರಾಯಭಾರಿಯೂ ಪಟ್ಟು ಹಿಡಿಯಲಿಲ್ಲ. ಕಾರಣವನ್ನು ದೆಲ್ಲಾ ವಲ್ಲೆ ಮುಚ್ಚಿಡುವುದಿಲ್ಲ. ಹಿಂದಿನ ವರ್ಷ, 1622ರಲ್ಲಿ, ಇಂಗ್ಲಿಷರ ಹಡಗುಗಳ ನೆರವಿನಿಂದ ಪರ್ಷಿಯಾದ ಷಾ ಅಬ್ಬಾಸನ ಸೇನೆ ಹೊರ್ಮುಜನ್ನು ಪೋರ್ಚುಗೀಸರಿಂದ ಕಸಿದುಕೊಂಡಿತ್ತು. ಗೋವೆಗೆ ಹೊಸ ಯುದ್ಧ ಕಟ್ಟಿಕೊಳ್ಳುವ ತ್ರಾಣವಿರಲಿಲ್ಲ. ಇಕ್ಕೇರಿಯ ಕರಿಮೆಣಸನ್ನು ಬಿಡುವಂತೆಯೂ ಇರಲಿಲ್ಲ. ಸೋತ ರಾಜ್ಯದ ರಾಯಭಾರಿಗೆ ಮರ್ಯಾದೆ ಸಂದಿತು, ಬೇಡಿಕೆಗೆ ಬೆಲೆ ಸಿಗಲಿಲ್ಲ.

ಮಣೇಲಿನ ಭೇಟಿಯನ್ನು ಈ ಹಿನ್ನೆಲೆಯಲ್ಲಿಟ್ಟು ಓದಬೇಕು. ಮಂಗಳೂರಿನ ಕಡೆಯಿಂದ ಟೊಪ್ಪಿ ಹಾಕಿಕೊಂಡು ಬಂದ ಯಾರನ್ನೇ ಆಗಲಿ ರಾಣಿಯ ಜನ ಮೊದಲು ನೋಡುವುದು ಬಂಗರ ಬೆಂಬಲಿಗರ ಕಡೆಯವನೆಂದೇ. ತೋಡು, ಕಾಲುವೆಯ ಕೆಲಸ ನೋಡಲು ಆಳುಗಳೊಡನೆ ಹೊರಟಿದ್ದ ರಾಣಿ ಅಲ್ಲೇ ನಿಂತಳು. ಅವನು ಟೊಪ್ಪಿ ತೆಗೆದಾಗ ಮತ್ತೆ ಹಾಕಿಕೊಳ್ಳುವಂತೆ ಹೇಳಿಸಿದಳು. ದುಭಾಷಿಯ ಮೂಲಕ ಕೇಳಿದ ಪ್ರಶ್ನೆಗಳು ಮೂರು ಬಗೆಯವು: ಯಾವ ದೇಶದವನು, ಯಾವ ಯಾವ ನಾಡು ನೋಡಿ ಬಂದ, ಈ ಕಾಡಿಗೆ ಏಕೆ ಬಂದ. ಕೊನೆಯದಕ್ಕೆ ಸೇರಿಸಿ, ಪ್ರೀತಿಪಾತ್ರರನ್ನು ಕಳೆದುಕೊಂಡ ದುಃಖದಿಂದ ಹೀಗೆ ಅಲೆಯುತ್ತಿರುವನೋ ಎಂದೂ ವಿಚಾರಿಸಿದಳು. ಪರ್ಷಿಯಾದಲ್ಲಿ ತೀರಿಹೋದ ಹೆಂಡತಿ ಮಾನಿಯ ದೇಹವನ್ನು ಜೊತೆಯಲ್ಲೇ ಸಾಗಿಸುತ್ತಿದ್ದ ಆತ ಅದನ್ನು ಹೇಳಿಕೊಳ್ಳಲಿಲ್ಲ. ನಾಡು ನೋಡುವ ಆಸೆ ಎಂದಷ್ಟೇ ಉತ್ತರಿಸಿದ.

ಈ ಕೊನೆಯ ಪ್ರಶ್ನೆಯ ಭಾವುಕತೆಗೆ ಮರುಳಾದವರು ಮೊದಲ ಎರಡನ್ನು ಬದಿಗೊತ್ತಿದ್ದಾರೆ. ತೂಕವಿರುವುದು ಅಲ್ಲೇ. ಉತ್ತರದಲ್ಲಿ ಆತ ಗೋವೆಯ ವೈಸರಾಯನನ್ನು ಮುಂದೆ ಮಾಡಲಿಲ್ಲ. ತನ್ನದು ರೋಮ್ ಎಂದ. ತುರ್ಕಿ, ಪರ್ಷಿಯಾ, ಮೊಗಲರ ಸಾಲಿನಲ್ಲಿ ವೆಂಕಟಪ್ಪ ನಾಯಕನ ಆಸ್ಥಾನವನ್ನೂ ಸೇರಿಸಿದ. ರೋಮಿಗೆ ಈ ಕರಾವಳಿಯಲ್ಲಿ ಕೋಟೆಯಿರಲಿಲ್ಲ, ಬಂಗರ ಪಕ್ಷವೂ ಇರಲಿಲ್ಲ. ಇಕ್ಕೇರಿಯಂತೂ ರಾಣಿಗೆ ಆಸರೆಯಾಗಿದ್ದ ಅರಮನೆ. ಇದು ಆಯ್ದುಕೊಂಡ ಉತ್ತರವೋ ಸಹಜವಾಗಿ ಬಂದದ್ದೋ, ಪರಿಣಾಮ ಒಂದೇ: ಬಿಡಾರಕ್ಕೆ ಹೋಗಿ ದಣಿವಾರಿಸಿಕೊಳ್ಳುವಂತೆಯೂ ಆಮೇಲೆ ಮಾತಾಡುವೆನೆಂದೂ ರಾಣಿ ಹೇಳಿದಳು. ಆ ಎರಡನೆಯ ಭೇಟಿ ನಡೆಯಲಿಲ್ಲ ಎಂಬುದನ್ನೇ ಹಿಡಿದು ತಿರಸ್ಕಾರವೆನ್ನುವವರು, ಅದೇ ಕಾಗದದಲ್ಲಿ ರಾಣಿಯ ಮಗ ಅವನನ್ನು ಕರೆಸಿ ಊಟ ಹಾಕಿಸಿ ಬಹಳ ಹೊತ್ತು ಮಾತಾಡಿಸಿದ ಭಾಗಕ್ಕೆ ಏನು ಹೇಳುತ್ತಾರೆ?

ಆ ಊಟವನ್ನೂ ಸರಿಯಾಗಿ ನೋಡಬೇಕು. ಬಾಳೆಲೆಯ ಮೇಲೆ ಅನ್ನ, ಮಾಂಸವಿಲ್ಲದ ಅಡುಗೆ. ಅತಿಥಿಗೆ ಬೇರೆಯಾಗಿ ಬಡಿಸಿದ್ದು. ಈ ಬೇರೆ ಎಲೆಯನ್ನು ಪರದೇಶಿಯ ಮೇಲಿನ ಹಗೆತನಕ್ಕೆ ಗುರುತು ಮಾಡುವುದು ತಪ್ಪು. ಮಡಿಯ ಕಟ್ಟಳೆ ಮಿತ್ರನಿಗೂ ಶತ್ರುವಿಗೂ ಒಂದೇ. ಯಾರ ಕಡೆಯಿಂದ ಬಂದರೂ ಅನ್ಯನಿಗೆ ಪಂಕ್ತಿಯಲ್ಲಿ ಜಾಗವಿರಲಿಲ್ಲ. ಎಲೆ ಎಲ್ಲಿ ಹಾಕಬೇಕೆಂದು ಜಾತಿ ಹೇಳುತ್ತಿತ್ತು. ಎಲೆ ಹಾಕಬೇಕೋ ಬೇಡವೋ ಎಂಬುದನ್ನು ಬಂದವನ ಹಿಂದಿರುವ ರಾಜ್ಯ ನಿರ್ಧರಿಸುತ್ತಿತ್ತು. ಆ ವರ್ಷ ಕರಾವಳಿಯಲ್ಲಿ ಮಡಿ ಬದಲಾಗಿರಲಿಲ್ಲ, ರಾಜ್ಯಗಳ ಬಲಾಬಲ ಬದಲಾಗಿತ್ತು. ಇವೆರಡನ್ನು ಬೇರ್ಪಡಿಸದೆ ಬರೆದ ಸ್ವಾಗತದ ಚರಿತ್ರೆಗಳು ಹೆಚ್ಚಿನ ಬೆಳಕು ಕೊಡುವುದಿಲ್ಲ.

ಇದೇ ಮಂಗಳೂರಿನಲ್ಲಿಳಿದು ಬಿದನೂರಿನ ದಾರಿಯಾಗಿ 1443ರಲ್ಲಿ ವಿಜಯನಗರಕ್ಕೆ ಹೋದ ಅಬ್ದುರ್ ರಜಾಕನ ಅನುಭವ ಇದಕ್ಕೆ ಪೂರಕವಾಗಿದೆ. ಹೆರಾತಿನ ಷಾರುಖನ ರಾಯಭಾರಿಯೆಂದು ಇಮ್ಮಡಿ ದೇವರಾಯ ಅವನಿಗೆ ಕುರಿ, ಕೋಳಿ, ಅಕ್ಕಿ, ಬೆಣ್ಣೆ, ಸಕ್ಕರೆ ಮತ್ತು ಎರಡು ವರಹಗಳ ದಿನಪಡಿ ಗೊತ್ತುಮಾಡಿದ್ದ. ದಂಡನಾಯಕ ಕಲಬುರಗಿಯ ಕಡೆ ಯುದ್ಧಕ್ಕೆ ಹೋದಾಗ ಅವನ ಜಾಗದಲ್ಲಿದ್ದವನು ಆ ಪಡಿಯನ್ನು ನಿಲ್ಲಿಸಿದ. ಸಮಯ ನೋಡಿಕೊಂಡು ಹೊರ್ಮುಜಿನ ವರ್ತಕರು, ಈತ ಷಾರುಖ್ ಕಳಿಸಿದವನೇ ಅಲ್ಲ ಎಂಬ ಸುದ್ದಿ ಹಬ್ಬಿಸಿದರು. ಮನುಷ್ಯ ಅವನೇ, ನಡತೆಯೂ ಅದೇ. ಅವನ ಬೆನ್ನಿಗಿದ್ದ ದೊರೆಯ ಬಗೆಗೆ ಸಂಶಯ ಹುಟ್ಟಿದ ಕೂಡಲೆ ಮರ್ಯಾದೆಯೂ ಕುಗ್ಗಿತು. ದಂಡನಾಯಕ ಹಿಂದಿರುಗಿದ ಮೇಲೆ ಅವನ ಖರ್ಚಿಗೆ ಹಣ ಮಂಜೂರಾಯಿತು. ಬೀಳ್ಕೊಡುವಾಗ ದೇವರಾಯ ಆ ಸುದ್ದಿಯನ್ನು ಅವನ ಎದುರೇ ಎತ್ತಿದ. ಅದಿಲ್ಲದಿದ್ದರೆ ಇನ್ನೂ ಹೆಚ್ಚಿನ ಗೌರವ ಸಲ್ಲುತ್ತಿತ್ತು ಎಂದ. ಆದರೂ ಸಂಬಂಧ ಕಡಿದುಕೊಳ್ಳಲಿಲ್ಲ. ವಿಜಯನಗರದಲ್ಲಿ ನೆಲೆಸಿದ್ದ ಖುರಾಸಾನಿನ ಖ್ವಾಜಾ ಮಸೂದ್ ಮತ್ತು ಖ್ವಾಜಾ ಮಹಮ್ಮದರನ್ನು ತನ್ನ ರಾಯಭಾರಿಗಳನ್ನಾಗಿ ಮಾಡಿ ಅವನ ಜೊತೆಯಲ್ಲೇ ಹೆರಾತಿಗೆ ಕಳಿಸಿದ.