ಸೂಜಿಯ ಡಬ್ಬಿಯಿಂದ ವಿನ್ಯಾಂಪ್‌ವರೆಗೆ

1936ರಲ್ಲಿ ಮುಂಬಯಿಯ ಜಿನ್ನಾ ಹಾಲ್‌ನಲ್ಲಿ ನಡೆದ ಸಂಗೀತ ಸಮ್ಮೇಳನದಲ್ಲಿ ಬೆಳಗಾವಿ ಸೀಮೆಯ ಸುಳೇಭಾವಿಯಿಂದ ಬಂದ ಹುಡುಗನೊಬ್ಬ ಹಾಡಿದ. ವಯಸ್ಸು ಹನ್ನೊಂದೋ ಹನ್ನೆರಡೋ. ಹೆಸರು ಶಿವಪುತ್ರ ಸಿದ್ದರಾಮಯ್ಯ ಕೊಂಕಾಳಿಮಠ. ಜನರ ಬಾಯಲ್ಲಿ ಆಗಲೇ ಕುಮಾರ ಗಂಧರ್ವ. ದೊಡ್ಡ ದೊಡ್ಡ ಗವಾಯಿಗಳ ಗ್ರಾಮೊಫೋನ್ ತಟ್ಟೆಗಳನ್ನು ಕೇಳಿ, ಅವರ ತಾನ, ಮುರ್ಕಿ, ಉಸಿರು ತೆಗೆದುಕೊಳ್ಳುವ ಜಾಗವನ್ನೂ ಬಿಡದೆ ಒಪ್ಪಿಸುವುದು ಅವನ ಬಾಲ್ಯದ ವಿದ್ಯೆಯಾಗಿತ್ತು. ಆಪೆರಾ ಹೌಸ್ ಬಳಿ ಸಂಗೀತ ಶಾಲೆ ನಡೆಸುತ್ತಿದ್ದ ಪ್ರೊ. ಬಿ.ಆರ್. ದೇವಧರ್ ಅವನನ್ನು ಶಿಷ್ಯನನ್ನಾಗಿ ತೆಗೆದುಕೊಂಡರು. ಮುಂದೆ ಆ ಹುಡುಗ ಯಾರ ನಕಲೂ ಅಲ್ಲದ ಗಾಯಕನಾದದ್ದು ಬೇರೆಯದೇ ಕಥೆ.

ಆಪೆರಾ ಹೌಸ್ ಕಡೆಯಿಂದ ಹೊರಟು ಗ್ರ್ಯಾಂಟ್ ರೋಡ್ ಸ್ಟೇಷನ್ನಿನ ಮಗ್ಗುಲಲ್ಲಿ ಹಾದು ಮುಂಬಯಿ ಸೆಂಟ್ರಲ್ ಕಡೆ ಸಾಗುವ ಬೀದಿಯೇ ಲ್ಯಾಮಿಂಗ್ಟನ್ ರೋಡ್. 1903ರಿಂದ 1907ರವರೆಗೆ ಮುಂಬಯಿ ಪ್ರಾಂತದ ಗವರ್ನರನಾಗಿದ್ದ ಲಾರ್ಡ್ ಲ್ಯಾಮಿಂಗ್ಟನ್ನನ ಹೆಸರು ಅದು. ಬೋರ್ಡಿನಲ್ಲಿ ಈಗ ಡಾ. ದಾದಾಸಾಹೇಬ್ ಭಡಕಮ್ಕರ್ ಮಾರ್ಗ ಎಂದಿದೆ, ಆದರೆ ಟ್ಯಾಕ್ಸಿಯವನಿಗೆ ಹಳೇ ಹೆಸರನ್ನೇ ಹೇಳಬೇಕು. ರೇಡಿಯೊ ಬಿಡಿಭಾಗ, ಆಂಪ್ಲಿಫೈಯರ್, ಟೇಪ್ ಹೆಡ್, ಕೊನೆಗೆ ಕಂಪ್ಯೂಟರ್ ಎಲ್ಲವೂ ಈ ಬೀದಿಯ ಕೌಂಟರುಗಳನ್ನು ದಾಟಿಯೇ ಮುಂಬಯಿಯ ಮನೆಗಳಿಗೆ ಹೋಗಿವೆ. ಹಾಡು ಒಂದೇ ಇದ್ದು ಅದನ್ನು ನುಡಿಸುವ ಸಾಧನ ಬದಲಾದರೆ ದನಿಯೂ ಬದಲಾಗುತ್ತದೆಯೇ? ಈಗ ಕಂಪ್ಯೂಟರಿನ ಪ್ಲೇಯರ್ ತಂತ್ರಾಂಶಗಳ ಬಗ್ಗೆ ಕೇಳುವ ಈ ಪ್ರಶ್ನೆ ಊರಿಗೆ ಹೊಸದಲ್ಲ. ಹಿಂದೆ ಅದಕ್ಕೆ ಉತ್ತರ ಸುಲಭವಾಗಿತ್ತು: ಬದಲಾಗುತ್ತದೆ, ಅದೂ ಸಿಕ್ಕಾಪಟ್ಟೆ.

ಕೀಲಿ ಕೊಟ್ಟು ನುಡಿಸುವ ಗ್ರಾಮೊಫೋನನ್ನೇ ನೋಡಿ. ಉಕ್ಕಿನ ಸೂಜಿ ತಟ್ಟೆಯ ಒಂದು ಬದಿ ನುಡಿಸುವಷ್ಟರಲ್ಲಿ ಸವೆಯುತ್ತಿತ್ತು. ಜಿಪುಣತನ ಮಾಡಿ ಅದನ್ನೇ ಮುಂದುವರಿಸಿದರೆ ಮೊಂಡಾದ ಮೊನೆ ಅರಗಿನ ತಟ್ಟೆಯ ಗೀರುಗಳನ್ನೇ ಕೆರೆದು ಹಾಕುತ್ತಿತ್ತು. ಸೂಜಿಗಳು ಪುಟ್ಟ ತಗಡಿನ ಡಬ್ಬಿಗಳಲ್ಲಿ ಬರುತ್ತಿದ್ದವು. ದನಿ ಜೋರಾಗಿ ಬೇಕಿದ್ದರೆ ದಪ್ಪ ಸೂಜಿ, ಮೆತ್ತಗೆ ಬೇಕಿದ್ದರೆ ತೆಳು ಸೂಜಿ. ಇಂದಿನ ವಾಲ್ಯೂಮ್ ಬಟನ್ ಅಂದು ಇದ್ದದ್ದು ಆ ಡಬ್ಬಿಯೊಳಗೆ.

ವೇಗದ್ದು ಇನ್ನೂ ದೊಡ್ಡ ತಾಪತ್ರಯ. ತಟ್ಟೆ ನಿಮಿಷಕ್ಕೆ 78 ಸುತ್ತು ತಿರುಗಬೇಕೆಂಬುದು ಲೆಕ್ಕ. ಸ್ಪ್ರಿಂಗಿಗೆ ಆ ಲೆಕ್ಕ ಸದಾ ನೆನಪಿರುತ್ತಿರಲಿಲ್ಲ. 82-83 ಸುತ್ತಿಗೆ ಏರಿತೆಂದರೆ ಹಾರ್ಮೋನಿಯಂನ ಬಿಳಿ ಒಂದರಲ್ಲಿ ಹಾಡಿದ್ದು ಕರಿ ಒಂದರಲ್ಲಿ ಕೇಳುತ್ತದೆ. ಕೀಲಿ ಇಳಿದರೆ ಗವಾಯಿ ಹಾಡುತ್ತ ಹಾಡುತ್ತಲೇ ಪಾತಾಳಕ್ಕೆ ಇಳಿಯುತ್ತಾನೆ. ಗಾಯಕಿ ಗಂಗೂಬಾಯಿ ಹಾನಗಲ್ 1930ರ ದಶಕದಲ್ಲಿ ಎಚ್‌ಎಂವಿಗೆ ಹಾಡಿದಾಗ ತಟ್ಟೆಯ ಮೇಲೆ ಅಚ್ಚಾದ ಹೆಸರು ಗಾಂಧಾರಿ. ಆ ತಟ್ಟೆಗಳಲ್ಲಿರುವುದು ತೆಳುವಾದ, ಎತ್ತರದ ಹೆಣ್ಣುದನಿ. ಅವರ ನಂತರದ ಗಡಸು ಕಂಠವನ್ನು ಮಾತ್ರ ಬಲ್ಲವರಿಗೆ ತಟ್ಟೆ ಅತಿ ಜೋರಾಗಿ ತಿರುಗುತ್ತಿದೆಯೆಂದೇ ಗುಮಾನಿ ಬರುತ್ತದೆ. ಆದರೆ ಇಲ್ಲಿ ಯಂತ್ರದ ತಪ್ಪಿಲ್ಲ. ಗಂಟಲಿನ ಚಿಕಿತ್ಸೆಯ ನಂತರ ಬದಲಾದದ್ದು ಅವರ ದನಿಯೇ. ದೂರನ್ನು ಯಂತ್ರದ ಮೇಲೆ ಹೊರಿಸುವ ಮುನ್ನ ಮೂಲದಲ್ಲಿ ಏನಿತ್ತೆಂದು ನೋಡಬೇಕು ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು. ಇಂಥ ತಟ್ಟೆಗಳನ್ನು ಕೂಡಿಡುವವರು ಸೇರಿ 1990ರಲ್ಲಿ ಮುಂಬಯಿಯಲ್ಲಿ ಸೊಸೈಟಿ ಆಫ್ ಇಂಡಿಯನ್ ರೆಕಾರ್ಡ್ ಕಲೆಕ್ಟರ್ಸ್ ಎಂಬ ಸಂಘ ಕಟ್ಟಿದರು. ಅದರ ಕಾರ್ಯದರ್ಶಿಯಾಗಿದ್ದ ಸುರೇಶ್ ಚಾಂದ್ವಣಕರ್ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿದ್ದ ಭೌತವಿಜ್ಞಾನಿ. ಹಳೇ ತಟ್ಟೆಯ ಹುಚ್ಚಿಗೂ ಅಳತೆಯ ಶಿಸ್ತಿಗೂ ಈ ಊರಿನಲ್ಲಿ ನಂಟಿದೆ.

ಕೊಳ್ಳುವ ಮೊದಲು ಕೇಳಿ ನೋಡುವ ರೂಢಿಯೂ ಇತ್ತು. ಕಾಳಾ ಘೋಡಾದ ರಿದಮ್ ಹೌಸ್ ಅಂಗಡಿಯಲ್ಲಿ ಗಿರಾಕಿಗಳು ತಟ್ಟೆ ಕೇಳಲೆಂದೇ ಪುಟ್ಟ ಗೂಡುಗಳಿದ್ದವು. 2016ರಲ್ಲಿ ಆ ಅಂಗಡಿ ಬಾಗಿಲು ಹಾಕಿತು.

ಸಾಧನದ ಮಹಿಮೆ ಚಿತ್ರಮಂದಿರದಲ್ಲೂ ಕೇಳುತ್ತಿತ್ತು. 1975ರ ಆಗಸ್ಟ್ 15ರಂದು ‘ಶೋಲೆ’ ತೆರೆಕಂಡಾಗ ಲ್ಯಾಮಿಂಗ್ಟನ್ ರೋಡಿನ ಮಿನರ್ವಾ ಚಿತ್ರಮಂದಿರದಲ್ಲಿ ಅದು 70 ಎಂಎಂ ಪರದೆ ಮತ್ತು ಸ್ಟೀರಿಯೊ ಧ್ವನಿಯೊಂದಿಗೆ ಓಡಿತು, ವರ್ಷಗಟ್ಟಲೆ ಓಡಿತು. ಚಿತ್ರದ ನಾಯಕರಲ್ಲೊಬ್ಬನಾದ ಜಯ್ ಚಿಮ್ಮಿಸಿದ ನಾಣ್ಯ ಠಣ್ಣೆಂದು ಬಿದ್ದಾಗ ಪ್ರೇಕ್ಷಕರು ಕುರ್ಚಿಯ ಕೆಳಗೆ ಬಗ್ಗಿ ಹುಡುಕುತ್ತಿದ್ದರೆಂಬ ಕಥೆಯನ್ನು ಸಿನಿಮಾ ಮಂದಿ ಇಂದಿಗೂ ಹೇಳುತ್ತಾರೆ. ನಿಜವೋ ಉಪ್ಪುಖಾರ ಹಚ್ಚಿದ್ದೋ, ಅದೇ ಸಿನಿಮಾವನ್ನು ಊರಿನ ಟೂರಿಂಗ್ ಟಾಕೀಸಿನಲ್ಲಿ ಒಂದೇ ಹಾರ್ನಿನ ಮೂಲಕ ಕೇಳಿದವರಿಗೆ ಹುಡುಕಲು ನಾಣ್ಯ ಇರಲಿಲ್ಲ.

ಆಮೇಲೆ ಕ್ಯಾಸೆಟ್ಟು. ವಿದೇಶಿ ಮಾಲು ದುಬಾರಿಯಾಗಿದ್ದ ಆ ಕಾಲದಲ್ಲಿ ಈ ಬೀದಿಯಲ್ಲಿ ಐಸಿ, ಟ್ರಾನ್ಸ್‌ಫಾರ್ಮರ್, ತಗಡಿನ ಡಬ್ಬ ಬೇರೆ ಬೇರೆಯಾಗಿ ಕೊಂಡು ಆಂಪ್ಲಿಫೈಯರ್ ಕಟ್ಟಿಸಿಕೊಳ್ಳುತ್ತಿದ್ದರು. ರಿಪೇರಿಯವನ ಕೈಚಳಕ ಕಾಣುತ್ತಿದ್ದುದು ಟೇಪ್ ಹೆಡ್ಡಿನ ಪಕ್ಕದ ಸಣ್ಣ ಸ್ಕ್ರೂನಲ್ಲಿ. ಹತ್ತಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ ಹೆಡ್ ಒರೆಸಿ, ಕ್ಯಾಸೆಟ್ ಹಾಕಿ, ಕಿವಿ ಹತ್ತಿರ ತಂದು, ಸ್ಕ್ರೂ ಡ್ರೈವರನ್ನು ಕೂದಲೆಳೆಯಷ್ಟು ಆಚೆ ತಿರುಗಿಸಿದರೆ ಹಾಡು ಕಂಬಳಿ ಹೊದ್ದುಕೊಂಡು ಮಂಕಾಗುತ್ತಿತ್ತು. ಈಚೆ ತಿರುಗಿಸಿದರೆ ತಾಳದ ಕಿಣಿಕಿಣಿ ಮರಳಿ ಬರುತ್ತಿತ್ತು. ಹೆಡ್ಡಿನ ಸೀಳು ಟೇಪಿಗೆ ಸರಿಯಾಗಿ ಲಂಬವಾಗಿ ನಿಲ್ಲದಿದ್ದರೆ ಮೇಲಿನ ಸ್ವರಗಳು ಅಳಿಸಿಹೋಗುತ್ತವೆ, ಅಷ್ಟೇ ವಿಷಯ. ಹೋಟೆಲ್ ಕೆಲಸಕ್ಕೆಂದು ಬಂದ ಕರಾವಳಿಯ ಹುಡುಗರು ಕಾಳಿಂಗ ನಾವಡರ ಯಕ್ಷಗಾನ ಭಾಗವತಿಕೆಯ ಕ್ಯಾಸೆಟ್ಟನ್ನು ಒಬ್ಬರಿಂದೊಬ್ಬರು ನಕಲು ಮಾಡಿಕೊಂಡಾಗ, ನಕಲಿನ ನಕಲಿನಲ್ಲಿ ಚೆಂಡೆಗಿಂತ ಜೋರಾಗಿ ಟೇಪಿನ ಸುಸ್ಸೆನ್ನುವ ಸದ್ದೇ ಕೇಳುತ್ತಿತ್ತು.

ಇಷ್ಟೆಲ್ಲ ಅನುಭವ ಹೊತ್ತ ಕಿವಿಗಳ ಎದುರು ಕಂಪ್ಯೂಟರ್ ಬಂತು. 1995ರ ಆಗಸ್ಟ್ 15ರಂದು ವಿಎಸ್‌ಎನ್‌ಎಲ್ ಸಾರ್ವಜನಿಕರಿಗೆ ಇಂಟರ್ನೆಟ್ ತೆರೆಯಿತು. 1997ರಲ್ಲಿ ಜಸ್ಟಿನ್ ಫ್ರಾಂಕೆಲ್ ಎಂಬ ಅಮೆರಿಕದ ತರುಣ ಬರೆದ ವಿನ್ಯಾಂಪ್ ಎಂಬ ಪ್ಲೇಯರ್ ಹೊರಬಂತು. ಸಿ.ಡಿ.ಯಲ್ಲಿ ಮೂರು ನಿಮಿಷದ ಹಾಡಿಗೆ 30 ಎಂಬಿಗೂ ಹೆಚ್ಚು ಜಾಗ ಬೇಕು. 128 ಕೆಬಿಪಿಎಸ್ ಎಂಪಿ3ಗೆ ಮೂರು ಎಂಬಿ ಸಾಕು. ರೈಲ್ವೆ ಸ್ಟೇಷನ್ ಹೊರಗಿನ ಫುಟ್‌ಪಾತಿನಲ್ಲಿ ನೂರಕ್ಕೂ ಹೆಚ್ಚು ಹಾಡು ತುಂಬಿದ ಕಳ್ಳ ಸಿ.ಡಿ.ಗಳು ರಾಶಿ ಬಿದ್ದವು. ಲ್ಯಾಮಿಂಗ್ಟನ್ ರೋಡಿನಲ್ಲಿ ಪಿಸಿ ಜೋಡಿಸಿ ಕೊಡುವವರು ವಿಂಡೋಸ್ ಜೊತೆಗೆ ವಿನ್ಯಾಂಪನ್ನೂ ಹಾಕಿಕೊಡುತ್ತಿದ್ದರು. ‘ವಿನ್ಯಾಂಪ್‌ನಲ್ಲಿ ಸೌಂಡ್ ಬೇರೇನೇ’ ಎಂಬ ಮಾತು ಹುಟ್ಟಿಕೊಂಡಿತು.

ಮಾತು ಪೂರ್ತಿ ಸುಳ್ಳಲ್ಲ. ವಿನ್ಯಾಂಪ್‌ನಲ್ಲಿ ಈಕ್ವಲೈಜರ್ ಇತ್ತು. ಬಹಳ ಜನ ಎರಡೂ ತುದಿ ಮೇಲೆ, ನಡು ಕೆಳಗೆ ಮಾಡಿ ಬಿಟ್ಟುಬಿಡುತ್ತಿದ್ದರು. ಬೇಸ್ ಗುಡುಗುತ್ತಿತ್ತು, ಹಾಡುವವಳು ಹಿಂದೆ ಸರಿಯುತ್ತಿದ್ದಳು. ಎಂಪಿ3 ಬಿಡಿಸುವ ಅಂದಿನ ತಂತ್ರಾಂಶಗಳೆಲ್ಲ ಒಂದೇ ನಿಖರತೆಯವಲ್ಲ. ಜೊತೆಗೆ ಹಾರ್ಡ್‌ವೇರಿನ ಕಿತಾಪತಿ ಬೇರೆ: ಸಿ.ಡಿ. ಹಾಡು ಸೆಕೆಂಡಿಗೆ 44,100 ಮಾದರಿಗಳದ್ದು, ಆದರೆ 1998ರ ಸೌಂಡ್ ಬ್ಲಾಸ್ಟರ್ ಲೈವ್‌ನಂಥ ಜನಪ್ರಿಯ ಕಾರ್ಡುಗಳು ಎಲ್ಲವನ್ನೂ 48,000ಕ್ಕೆ ಎಳೆದು ಕೂರಿಸುತ್ತಿದ್ದವು. ಆ ಪರಿವರ್ತನೆ ಅಷ್ಟೇನೂ ನಯವಾಗಿರಲಿಲ್ಲ. ವಿಂಡೋಸ್ ಒಳಗಿನ ಮಿಕ್ಸರ್ ಕೂಡ ನಡುವೆ ಕೈಯಾಡಿಸುತ್ತಿತ್ತು. 2007ರಲ್ಲಿ ಮಾರುಕಟ್ಟೆಗೆ ಬಂದ ವಿಂಡೋಸ್ ವಿಸ್ಟಾದಲ್ಲಿ ಈ ಧ್ವನಿ ವ್ಯವಸ್ಥೆಯನ್ನೇ ಹೊಸದಾಗಿ ಕಟ್ಟಿದರು. ಅದರ ವಾಸಾಪಿ ಎಕ್ಸ್‌ಕ್ಲೂಸಿವ್ ಮೋಡ್‌ನಲ್ಲಿ ಪ್ಲೇಯರು ಮಿಕ್ಸರಿನ ಮೂಲಕ ಹೋಗದೆ ಹಾಡಿನ ಅಂಕಿಗಳನ್ನು ನೇರವಾಗಿ ಸೌಂಡ್ ಕಾರ್ಡಿಗೆ ಕೊಡಬಲ್ಲದು.

ಇಲ್ಲಿಂದ ಮುಂದೆ ಕಥೆ ಹಳೆಯ ದಾರಿ ಬಿಡುತ್ತದೆ. ಸೂಜಿ ತಟ್ಟೆಯನ್ನು ಮುಟ್ಟುತ್ತಿತ್ತು, ಹೆಡ್ಡು ಟೇಪನ್ನು ಉಜ್ಜುತ್ತಿತ್ತು. ಪ್ಲೇಯರ್ ತಂತ್ರಾಂಶ ಓದುವುದು ಬರೀ ಅಂಕಿಗಳನ್ನು. ನಕಲಿನ ನಕಲಿನಲ್ಲೂ 5 ಎಂಬುದು 5 ಆಗಿಯೇ ಉಳಿಯುತ್ತದೆ. ಎರಡು ಪ್ಲೇಯರುಗಳು ಏನನ್ನೂ ಕಳೆಯದೆ ಒತ್ತಿಟ್ಟ ಒಂದೇ ಫ್ಲ್ಯಾಕ್ ಕಡತದಿಂದ ಅವವೇ ಅಂಕಿಗಳನ್ನು ಅದೇ ಕ್ರಮದಲ್ಲಿ ಹೊರಗೆ ಕೊಟ್ಟರೆ, ಅವುಗಳ ದನಿಯಲ್ಲಿ ವ್ಯತ್ಯಾಸಕ್ಕೆ ಜಾಗವೇ ಇಲ್ಲ. ಪರೀಕ್ಷೆಯೂ ಸರಳ. ಎರಡರ ಡಿಜಿಟಲ್ ಔಟ್‌ಪುಟ್ಟನ್ನು ರೆಕಾರ್ಡ್ ಮಾಡಿ, ಒಂದನ್ನು ತಲೆಕೆಳಗು ಮಾಡಿ, ಇನ್ನೊಂದಕ್ಕೆ ಕೂಡಿಸಬೇಕು. ಎರಡೂ ಒಂದೇ ಆಗಿದ್ದರೆ ಉಳಿಯುವುದು ಸೊನ್ನೆ. ಅಂಕಿಗಳು ತಲುಪುವ ಹೊತ್ತಿನಲ್ಲಿ ಏರುಪೇರಾಗುತ್ತದೆ ಎಂಬ ವಾದವೂ ಉಂಟು. ಆದರೆ ಅವು ಮೊದಲು ಬಫರಿನಲ್ಲಿ ಕೂಡುತ್ತವೆ. ಅಲ್ಲಿಂದ ಹೊರಗೆ ಬಿಡುವ ತಾಳ ಹಾಕುವುದು ಸೌಂಡ್ ಕಾರ್ಡಿನ ಅಥವಾ ಅಂಕಿಗಳನ್ನು ದನಿಯಾಗಿಸುವ ಡ್ಯಾಕ್‌ನ ಗಡಿಯಾರವೇ ಹೊರತು ಪ್ಲೇಯರ್ ಅಲ್ಲ.

ಆದರೂ ಜನ ವ್ಯತ್ಯಾಸ ಕೇಳುತ್ತಾರಲ್ಲ? ಕೇಳುತ್ತಾರೆ, ಸುಳ್ಳು ಹೇಳುವುದಿಲ್ಲ. ಹೆಚ್ಚಿನ ಸಲ ಒಂದು ಪ್ಲೇಯರ್ ಇನ್ನೊಂದಕ್ಕಿಂತ ಚೂರು ಜೋರಾಗಿರುತ್ತದೆ. ದನಿ ಏರಿದಾಗ ಮಂದ್ರವೂ ತಾರವೂ ಹೆಚ್ಚು ತುಂಬಿಕೊಂಡಂತೆ ಕಿವಿಗೆ ತೋರುತ್ತದೆಂದು ಫ್ಲೆಚರ್ ಮತ್ತು ಮನ್ಸನ್ ಎಂಬ ಸಂಶೋಧಕರು 1933ರಲ್ಲೇ ಅಳೆದು ತೋರಿಸಿದ್ದಾರೆ. ಜೋರಾದದ್ದು ಚೆನ್ನಾಗಿದೆ ಎನಿಸುವುದು ಹಾಗೆ. ಇನ್ನು ಕೆಲವು ಸಲ ಪ್ಲೇಯರ್ ತಾನೇ ಹಾಡುಗಳ ವಾಲ್ಯೂಮ್ ಸರಿದೂಗಿಸುತ್ತಿರುತ್ತದೆ, ಅಥವಾ ಯಾವುದೋ ‘ಎನ್‌ಹಾನ್ಸ್‌ಮೆಂಟ್’ ಆನ್ ಆಗಿರುತ್ತದೆ. ದುಡ್ಡು ಕೊಟ್ಟು ಕೊಂಡದ್ದು ಚೆನ್ನಾಗಿಯೇ ಕೇಳಬೇಕೆಂಬ ಆಸೆಯ ಪಾಲೂ ಇದೆ. ಅದು ಲ್ಯಾಪ್‌ಟಾಪ್ ಬರುವುದಕ್ಕೆ ಮುಂಚಿನಿಂದ ಇದ್ದದ್ದೇ.

ಅನುಮಾನ ತೀರದವರಿಗೆ ದಾರಿಯಿದೆ. 2002ರಿಂದ ಉಚಿತವಾಗಿ ಸಿಗುತ್ತಿರುವ ಫೂಬಾರ್2000 ಪ್ಲೇಯರಿಗೆ ಎಬಿಎಕ್ಸ್ ಎಂಬ ಜೋಡಣೆ ಇದೆ. ಎರಡು ಕಡತಗಳಲ್ಲಿ ಯಾವುದು ನುಡಿಯುತ್ತಿದೆಯೆಂದು ಹೇಳದೆ ಕೇಳಿಸಿ, ನಿಮ್ಮ ಊಹೆಗಳಲ್ಲಿ ಎಷ್ಟು ಸರಿ ಎಂದು ಅದು ಲೆಕ್ಕ ಇಡುತ್ತದೆ. ಎರಡು ಪ್ಲೇಯರುಗಳನ್ನೇ ಹೋಲಿಸಬೇಕೆಂದರೆ ಎರಡರ ಔಟ್‌ಪುಟ್ಟನ್ನೂ ರೆಕಾರ್ಡ್ ಮಾಡಿಕೊಂಡು ಅದಕ್ಕೆ ಉಣಿಸಬಹುದು. ಈಕ್ವಲೈಜರ್ ಮತ್ತು ಎನ್‌ಹಾನ್ಸ್‌ಮೆಂಟ್‌ಗಳನ್ನು ಆಫ್ ಮಾಡಿ, ವಾಲ್ಯೂಮ್ ಸಮ ಮಾಡಿಕೊಂಡು, ಕಣ್ಣಿಗೆ ಕಾಣದಂತೆ ಕೇಳಿ ನೋಡಿ. ಆಗಲೂ ವ್ಯತ್ಯಾಸ ಸಿಕ್ಕಿದರೆ ಎರಡರಲ್ಲೊಂದು ಪ್ಲೇಯರ್ ಅಂಕಿಗಳನ್ನು ತಿದ್ದುತ್ತಿದೆ ಎಂದರ್ಥ. ಅದರ ಸೆಟ್ಟಿಂಗ್ ಹುಡುಕಿ. ಸಿಗದಿದ್ದರೆ ಪ್ಲೇಯರಿಗೆಂದು ಎತ್ತಿಟ್ಟ ಹಣವನ್ನು ಸ್ಪೀಕರಿಗೆ ಹಾಕಿ. ಅಲ್ಲಿ ವ್ಯತ್ಯಾಸ ಕೇಳಲು ಪರೀಕ್ಷೆಯ ಗೊಡವೆಯೇ ಬೇಡ.