622 ಮತ್ತು 635: ಹುಣಸೂರು ಸೀಮೆಗೆ ಒಪ್ಪುವ ರಸ್ತೆ ಸೈಕಲ್ ಕುರಿತು ಒಂದು ಟಿಪ್ಪಣಿ

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ, ಈ ನಾಲ್ಕೂ ಪಟ್ಟಣಗಳಲ್ಲಿ ‘ಬೈಕು’ ಎಂದರೆ ಮೋಟಾರು ಬಂಡಿ. ಬಾಗಿದ ಹ್ಯಾಂಡಲ್ಲು, ಸಪೂರ ಟೈರು ಇದ್ದರೆ ಅದು ‘ರೇಸ್ ಸೈಕಲ್’. ಗೇರು ಇರುವುದೆಲ್ಲ ‘ಗೇರ್ ಸೈಕಲ್’. ರೋಡ್ ಬೈಕ್ ಎಂಬ ಹೆಸರಿನಿಂದ ಗೊಂದಲವಾಗುವುದರಿಂದ ಇಲ್ಲಿ ‘ರಸ್ತೆ ಸೈಕಲ್’ ಎಂದೇ ಬರೆಯುತ್ತೇನೆ.

ಪ್ರಶ್ನೆ ಇಷ್ಟು: ವಾರದ ದಿನಗಳಲ್ಲಿ ಶಾಲೆಗೋ ಬ್ಯಾಂಕಿಗೋ ಹತ್ತು-ಹದಿನೈದು ಕಿಲೋಮೀಟರ್, ಭಾನುವಾರ ಎಪ್ಪತ್ತು-ಎಂಬತ್ತು ಕಿಲೋಮೀಟರ್ ಹೋಗಿಬರುವವರಿಗೆ, ಒಂದೇ ಸೈಕಲ್ ಕೊಳ್ಳುವುದಾದರೆ ಎಂಥದ್ದು ಕೊಳ್ಳಬೇಕು? ಸಾಮಾನ್ಯವಾಗಿ ಸಿಗುವ ಸಲಹೆ ಚೌಕಟ್ಟಿನ ಲೋಹ, ತೂಕ, ಗೇರುಗಳ ಸಂಖ್ಯೆ ಎಂಬ ಕ್ರಮದಲ್ಲಿ ಸಾಗುತ್ತದೆ. ಕೆಟ್ಟರೆ ಅರ್ಧ ಗಂಟೆಯಲ್ಲಿ ದೊಡ್ಡ ಅಂಗಡಿ ತಲುಪಬಲ್ಲ ನಗರವಾಸಿಗೆ ಆ ಕ್ರಮ ಸರಿ. ಈ ಸೀಮೆಯಲ್ಲಿ ಆಯ್ಕೆ ಶುರುವಾಗಬೇಕಾದದ್ದು ಚಕ್ರದಿಂದ, ಅದರಲ್ಲೂ ರಿಮ್ಮಿನಲ್ಲಿ ಟ್ಯೂಬಿನ ವಾಲ್ವು ಹಾಯುವ ಸಣ್ಣ ತೂತಿನಿಂದ ಎಂಬುದು ನನ್ನ ವಾದ.

ಮೊದಲು ಅಳತೆಯ ವಿಚಾರ. ಹಾಲಿನ ಕ್ಯಾನು, ಹುಲ್ಲಿನ ಹೊರೆ, ಮುಂದಿನ ಬಾರಿನ ಮೇಲೆ ಮಗು, ಎಲ್ಲವನ್ನೂ ಹೊತ್ತ ನಮ್ಮ ಕಪ್ಪು ಸೈಕಲ್ಲಿನ ಟೈರಿನ ಮೇಲೆ 28×1½ ಎಂದು ಬರೆದಿರುತ್ತದೆ. ರಸ್ತೆ ಸೈಕಲ್ಲಿನ 700ಸಿ ಚಕ್ರವನ್ನೂ ಎಷ್ಟೋ ಕಡೆ 28 ಇಂಚು ಎಂದೇ ಕರೆಯುತ್ತಾರೆ. ಹೆಸರು ಒಂದೇ, ವಸ್ತು ಬೇರೆ. ಟೈರಿನ ಅಂಚು ರಿಮ್ಮಿನ ಮೇಲೆ ಕೂರುವ ಜಾಗದ ವ್ಯಾಸ ಕಪ್ಪು ಸೈಕಲ್ಲಿನಲ್ಲಿ 635 ಮಿಲಿಮೀಟರ್, ರಸ್ತೆ ಸೈಕಲ್ಲಿನಲ್ಲಿ 622. ಹದಿಮೂರು ಮಿಲಿಮೀಟರ್ ಸಣ್ಣದೆಂದು ಕಂಡೀತು. ಆದರೆ ಟೈರಿನ ಅಂಚಿನೊಳಗಿನ ಉಕ್ಕಿನ ತಂತಿ ಹಿಗ್ಗುವುದೂ ಇಲ್ಲ, ಕುಗ್ಗುವುದೂ ಇಲ್ಲ. ಆದ್ದರಿಂದ ಒಂದರ ಟೈರು ಇನ್ನೊಂದಕ್ಕೆ ಹಾಕಲು ಬರುವುದೇ ಇಲ್ಲ. 26 ಇಂಚಿನದೂ ಇದೇ ಕಥೆ: 26×1⅜ ಎಂದರೆ 590, ಮೌಂಟನ್ ಸೈಕಲ್ಲಿನ ದಪ್ಪ 26 ಎಂದರೆ 559. ಹೀಗಾಗಿ ಇಂಚನ್ನು ನಂಬಬಾರದು. ಟೈರಿನ ಪಕ್ಕದಲ್ಲಿ 35-622 ಎಂಬಂತೆ ಉಬ್ಬಚ್ಚಿನಲ್ಲಿರುವ ಎರಡನೆಯ ಅಂಕಿಯನ್ನು ಓದಬೇಕು. ನೋಟುಬುಕ್ಕಿನಲ್ಲಿ ಬರೆದಿಟ್ಟುಕೊಳ್ಳಬೇಕಾದದ್ದು ಇದೊಂದನ್ನೇ.

ಟೈರಿಗಿರುವ ಈ ಬಿಗಿ ಟ್ಯೂಬಿಗಿಲ್ಲ. ಟ್ಯೂಬು ರಬ್ಬರು, ಅದು ಹಿಗ್ಗುತ್ತದೆ. 635ರ ಟ್ಯೂಬು 622ರ ಟೈರಿನೊಳಗೆ ಕೂರುತ್ತದೆ, ಟೈರು ಮಾತ್ರ 35ರಿಂದ 40 ಮಿಲಿಮೀಟರ್ ಅಗಲ ಇರಬೇಕು. 23 ಅಥವಾ 25ರ ಸಪೂರ ಟೈರಿನಲ್ಲಿ ಆ ಟ್ಯೂಬು ಮಡಿಕೆ ಬಿದ್ದು ಹಿಸುಕಿಕೊಳ್ಳುತ್ತದೆ. ಇಪ್ಪತ್ತೊಂಬತ್ತು ಇಂಚಿನ ಮೌಂಟನ್ ಸೈಕಲ್ಲಿನ ರಿಮ್ಮೂ 622ರದೇ. ಹಾಗಾಗಿ ಹುಡುಗರು ಓಡಿಸುವ ಅಂಥ ಬಂಡಿಯ ಟ್ಯೂಬೂ ಕಷ್ಟಕಾಲಕ್ಕೆ ಮನೆ ಮುಟ್ಟಿಸುತ್ತದೆ. ಅಗಲ ಟೈರು ಕೊಳ್ಳಿರಿ ಎಂದು ನಾನು ಹೇಳುವುದಕ್ಕೆ ಮೆತ್ತನೆಯ ಸವಾರಿ ಎರಡನೆಯ ಕಾರಣ. ಊರಂಗಡಿಯ ಟ್ಯೂಬು ಒಗ್ಗುತ್ತದೆ ಎಂಬುದು ಮೊದಲನೆಯದು.

ಆದರೆ ಟ್ಯೂಬು ಒಗ್ಗಿದರೂ ವಾಲ್ವು ಒಗ್ಗಬೇಕಲ್ಲ. ಕಪ್ಪು ಸೈಕಲ್ಲಿನದು ಡನ್‌ಲಪ್ ಅಥವಾ ವುಡ್ಸ್ ವಾಲ್ವು. ಸಣ್ಣ ರಬ್ಬರ್ ಕೊಳವೆ ಸಿಕ್ಕಿಸುವ, ನಾವೆಲ್ಲ ‘ವಾಲ್ ಟ್ಯೂಬ್’ ಬದಲಿಸಿ ಬೆಳೆದ ಅದೇ ವಾಲ್ವು. ಮೋಟಾರು ಬಂಡಿಯದು ಶ್ರೇಡರ್. ಇವೆರಡಕ್ಕೂ ರಿಮ್ಮಿನಲ್ಲಿ ಸುಮಾರು 8 ಮಿಲಿಮೀಟರ್ ತೂತು ಬೇಕು. ದುಬಾರಿ ರಸ್ತೆ ಸೈಕಲ್ಲುಗಳ ರಿಮ್ಮಿನಲ್ಲಿರುವುದು ಸಪೂರ ಪ್ರೆಸ್ಟಾ ವಾಲ್ವಿಗೆಂದು ಕೊರೆದ ಸುಮಾರು 6 ಮಿಲಿಮೀಟರ್ ತೂತು. ಅಂಥ ರಿಮ್ಮಿದ್ದರೆ ಕೆ.ಆರ್. ನಗರದ ಬಳಿಯ ಸಾಲಿಗ್ರಾಮದ ಅಂಗಡಿಯಲ್ಲಿ ನೂರು ಟ್ಯೂಬು ತೂಗಾಡುತ್ತಿದ್ದರೂ ಒಂದೂ ನಿಮ್ಮದಲ್ಲ. ದೊಡ್ಡ ತೂತಿಗೆ ಸಣ್ಣ ರಬ್ಬರ್ ಬಳೆ ಹಾಕಿ ಪ್ರೆಸ್ಟಾ ಟ್ಯೂಬನ್ನೂ ಕೂರಿಸಬಹುದು, ಸಣ್ಣ ತೂತಿನಲ್ಲಿ ಉಳಿದೆರಡು ತೂರುವುದಿಲ್ಲ. ಆದ್ದರಿಂದ ಕೊಳ್ಳುವ ದಿನವೇ ಚಕ್ರ ಬಿಚ್ಚಿಸಿ ಆ ತೂತು ನೋಡಬೇಕು. ಆಮೇಲೆ ಕೊರೆಸಿ ದೊಡ್ಡದು ಮಾಡಿಸುವ ಯೋಚನೆ ಬೇಡ. ಕಿರಿದಾದ ರಿಮ್ಮು ಅಲ್ಲಿಂದಲೇ ಬಿರಿಯಬಹುದು. ಶ್ರೇಡರ್ ವಾಲ್ವಿಗೆ ಇನ್ನೊಂದು ಅನುಕೂಲವಿದೆ: ಪೆಟ್ರೋಲ್ ಬಂಕಿನಲ್ಲೂ ಗಾಳಿ ಹಿಡಿಸಬಹುದು. ಆದರೆ ಬಂಕಿನ ಗಾಳಿ ಒಮ್ಮೆಗೇ ನುಗ್ಗುತ್ತದೆ. 35ರ ಟೈರಿಗೆ, ಎಪ್ಪತ್ತು ಕಿಲೋ ತೂಕದವರಿಗೆ, 50-55 ಪೌಂಡು ಸಾಕು.

ಊರಿನ ಪಂಚರ್ ಅಂಗಡಿಗಳ ಮೇಲೆ ನಾನು ಇಷ್ಟು ಭಾರ ಹಾಕುವುದಕ್ಕೆ ಚರಿತ್ರೆಯ ಆಧಾರವಿದೆ. 2006-07ರಲ್ಲಿ ಕರ್ನಾಟಕ ಸರ್ಕಾರ ಎಂಟನೇ ತರಗತಿ ಮಕ್ಕಳಿಗೆ ಸೈಕಲ್ ಕೊಡತೊಡಗಿತು. ಕೋವಿಡ್ ಬಂದು ಅದು ನಿಲ್ಲುವವರೆಗೆ ಪ್ರತಿ ವರ್ಷ ಸರ್ಕಾರಿ, ಅನುದಾನಿತ ಪ್ರೌಢಶಾಲೆಗಳಿಗೆ ಹೊಸ ಸೈಕಲ್ಲುಗಳು ಬಂದವು. ಮೊಪೆಡ್ಡು, ಮೋಟಾರು ಬಂಡಿಗಳು ಮನೆಮನೆಗೆ ಬಂದ ಕಾಲದಲ್ಲೂ ಹೋಬಳಿ ಕೇಂದ್ರಗಳಲ್ಲಿ ಸೈಕಲ್ ರಿಪೇರಿಯವರು ಉಳಿದುಕೊಂಡದ್ದಕ್ಕೆ ಈ ಮಕ್ಕಳ ಸೈಕಲ್ಲುಗಳೂ ಒಂದು ಕಾರಣ ಎಂದು ನಾನು ಭಾವಿಸುತ್ತೇನೆ. ಕಡ್ಡಿ ಕಟ್ಟುವ, ರಿಮ್ಮಿನ ಬೆಂಡು ತೆಗೆಯುವ ಕೈಗಳು ಇನ್ನೂ ಇವೆ. ಆ ಕೈಗಳಿಗೆ ಒಗ್ಗುವ ಸೈಕಲ್ ಕೊಳ್ಳುವುದು ಸವಾರನಿಗೂ ಲಾಭ, ಆ ಕಸುಬಿಗೂ ಲಾಭ.

ಇದೇ ಎಳೆ ಹಿಡಿದು ಮುಂದಕ್ಕೆ ಹೋದರೆ ಗೇರಿನ ಲೆಕ್ಕವೂ ಸಲೀಸು. ಆರು, ಏಳು, ಎಂಟು ಹಂತದ ಗೇರುಗಳಿಗೆ ಒಂದೇ ಅಳತೆಯ ಚೈನು ಸಾಕು. ಅಗ್ಗದ ಗೇರ್ ಸೈಕಲ್ಲುಗಳೂ ಅದನ್ನೇ ಬಳಸುವುದರಿಂದ ಹತ್ತಿರದಲ್ಲೇ ಸಿಗುತ್ತದೆ. ಹಿಂದೆ ಹತ್ತು-ಹನ್ನೊಂದು ಹಂತ ಇದ್ದರೆ ಮೈಸೂರಿಗೋ ಬೆಂಗಳೂರಿಗೋ ಕೈಚಾಚಬೇಕು. ಶಿಮಾನೋದ ಎಂಟು ಹಂತದ ಕ್ಲಾರಿಸ್ ಇಲ್ಲಿಗೆ ಧಾರಾಳವಾಯಿತು. ಮುಂದೆ 34 ಹಲ್ಲು, ಹಿಂದೆ 34 ಹಲ್ಲು ಸಿಗುವಂತಿದ್ದರೆ ಪೆಡಲ್ ಒಂದು ಸುತ್ತಿಗೆ ಸೈಕಲ್ ಸುಮಾರು 2.17 ಮೀಟರ್ ಸಾಗುತ್ತದೆ. ಮುಂದೆ 44, ಹಿಂದೆ 18 ಹಲ್ಲಿನ ಕಪ್ಪು ಸೈಕಲ್ಲಿನಲ್ಲಿ ಅದು 5 ಮೀಟರಿಗೂ ಹೆಚ್ಚು. ನಾಲ್ಕೂ ತಾಲ್ಲೂಕುಗಳ ಮುಖ್ಯ ರಸ್ತೆಗಳಲ್ಲಿ ದಿಣ್ಣೆ-ತಗ್ಗುಗಳಿವೆಯೇ ಹೊರತು ಘಟ್ಟವಿಲ್ಲ. ಕುಶಾಲನಗರ ದಾಟಿ ಮಡಿಕೇರಿಗೆ ಏರುವವರಿಗೆ, ಚಾಮುಂಡಿ ಬೆಟ್ಟ ಹತ್ತುವವರಿಗೆ ಆ ಚಿಕ್ಕ ಗೇರು ನೆರವಾಗುತ್ತದೆ.

ಇಲ್ಲಿ ಬೆಟ್ಟಕ್ಕಿಂತ ಗಾಳಿ ದೊಡ್ಡದು. ಮೈಸೂರಿನಿಂದ ಬಿಳಿಕೆರೆ, ಹುಣಸೂರು, ಪಿರಿಯಾಪಟ್ಟಣ, ಬೈಲಕುಪ್ಪೆ ಎಂದು ರಾಷ್ಟ್ರೀಯ ಹೆದ್ದಾರಿ 275 ಪಶ್ಚಿಮಕ್ಕೆ ಸಾಗುತ್ತದೆ. ಆಷಾಢದ ಗಾಳಿ ಕೊಡಗಿನ ಕಡೆಯಿಂದ ನೇರ ಎದೆಗೇ ಬರುತ್ತದೆ. ಗಾಳಿಯ ಅಡ್ಡಿ ವೇಗದ ವರ್ಗದಂತೆ ಏರುತ್ತದೆ: ಗಂಟೆಗೆ 20 ಕಿಲೋಮೀಟರಿನಲ್ಲಿ ಹೋಗುವವನಿಗೆ 15ರ ಎದುರುಗಾಳಿ ಬಂದರೆ ಅಡ್ಡಿ ಮೂರು ಪಟ್ಟಾಗುತ್ತದೆ. ಬಾಗಿದ ಹ್ಯಾಂಡಲ್ಲು ಬೇಕೆನ್ನುವುದಕ್ಕೆ ನಾನು ಒಪ್ಪುವ ಕಾರಣ ಇದೊಂದೇ. ಮೈ ತಗ್ಗಿಸಿದರೆ ಉಸಿರು ಉಳಿಯುತ್ತದೆ. ಆದರೆ ಅದಕ್ಕೊಂದು ಬೆಲೆಯಿದೆ. ನೇರ ಹ್ಯಾಂಡಲ್ಲಿನ ಬ್ರೇಕ್ ಕೇಬಲ್ಲಿನ ತುದಿ ಉರುಳೆಯಾಕಾರ, ಬಾಗಿದ ಹ್ಯಾಂಡಲ್ಲಿನದು ಪೇರಲೆ ಕಾಯಿಯ ಆಕಾರ. ಊರಂಗಡಿಯಲ್ಲಿ ಮೊದಲನೆಯದು ಮಾತ್ರ ಸಿಗುವುದೆಂದುಕೊಂಡು ಎರಡನೆಯದನ್ನು ಒಂದು ಸುರುಳಿ ಸೀಟಿನ ಕೆಳಗಿನ ಚೀಲದಲ್ಲಿ ಇಟ್ಟುಕೊಂಡೇ ಹೊರಡಬೇಕು. ಬ್ರೇಕು ಡಿಸ್ಕ್ ಆಗಿದ್ದರೆ ಅಗಲ ಟೈರಿಗೆ ಜಾಗ ಸಿಗುತ್ತದೆ. ಅದೂ ಕೇಬಲ್ಲಿನದಿರಲಿ, ಎಣ್ಣೆಯದು ಬೇಡ. ಮಡ್‌ಗಾರ್ಡು, ಕ್ಯಾರಿಯರು ಕೂರಿಸಲು ಚೌಕಟ್ಟಿನಲ್ಲಿ ತಿರುಪಿನ ತೂತುಗಳಿರಬೇಕು. ಕೆಲಸಕ್ಕೆ ಹೋಗುವವರಿಗೆ ಇವಿಲ್ಲದೆ ಆಗದು. ಅಲ್ಯೂಮಿನಿಯಮ್ಮೋ ಉಕ್ಕೋ ಎಂಬುದು ಕಿಸೆಗೆ ಬಿಟ್ಟದ್ದು. 2025ರ ಸೆಪ್ಟೆಂಬರ್ 22ರಿಂದ ಸೈಕಲ್ ಮೇಲಿನ ಜಿಎಸ್‌ಟಿ ಶೇಕಡ 12ರಿಂದ 5ಕ್ಕೆ ಇಳಿದಿರುವುದರಿಂದ ಉಳಿದ ಹಣವನ್ನು ದೀಪಗಳಿಗೆ ಹಾಕುವುದು ಮೇಲು.

ಅಳತೆಯ ಮಾತು: ಬರಿಗಾಲಿನಲ್ಲಿ ನಿಂತು ನೆಲದಿಂದ ತೊಡೆಸಂದಿಯವರೆಗಿನ ಉದ್ದವನ್ನು 0.883ರಿಂದ ಗುಣಿಸಿದರೆ, ಪೆಡಲ್ ತಿರುಗುವ ಅಚ್ಚಿನ ನಡುವಿನಿಂದ ಸೀಟಿನ ಮೇಲ್ಭಾಗದವರೆಗಿನ ಎತ್ತರ ಸಿಗುತ್ತದೆ. ಒಳಗಾಲು 80 ಸೆಂಟಿಮೀಟರ್ ಇದ್ದರೆ ಅದು 70.6. ಇದು ಮೊದಲ ದಿನದ ಅಂದಾಜು. ಮಂಡಿ ನೋವು ಬಂದರೆ ಅರ್ಧರ್ಧ ಸೆಂಟಿಮೀಟರ್ ಸರಿಸಿ ನೋಡಬೇಕು.

ಭಾನುವಾರದ ದಾರಿಗಳಿಗೆ ಇಲ್ಲಿ ಬರವಿಲ್ಲ. ಹುಣಸೂರಿನಿಂದ ಗೊಮ್ಮಟಗಿರಿ, ಕೆ.ಆರ್. ನಗರದಿಂದ ಚುಂಚನಕಟ್ಟೆ, ಪಿರಿಯಾಪಟ್ಟಣದಿಂದ ಬೆಟ್ಟದಪುರ, ಎಚ್.ಡಿ. ಕೋಟೆಯಿಂದ ಕಬಿನಿ ಜಲಾಶಯ. ಕೋಟೆಯ ಕಡೆ ಒಂದು ಎಚ್ಚರ: ಅಂತರಸಂತೆಯಾಚೆ ಬಾವಲಿಯ ದಾರಿ ನಾಗರಹೊಳೆ ಕಾಡಿನೊಳಗೆ ಹೋಗುತ್ತದೆ, ಸಂಜೆ 6ರಿಂದ ಬೆಳಿಗ್ಗೆ 6ರವರೆಗೆ ಸಂಚಾರಕ್ಕೆ ಮುಚ್ಚಿರುತ್ತದೆ. ಹಗಲಲ್ಲೂ ಆನೆಯ ಮುಂದೆ ಯಾವ ಗೇರೂ ಕೆಲಸಕ್ಕೆ ಬರುವುದಿಲ್ಲ. ಕಾಡಿನ ಅಂಚಿನ ಊರುಗಳಿಗೆ ಹೊರಡುವವರು ಬೆಳಕು ಹರಿದ ಮೇಲೆ ಹೊರಟು, ಕಾಡಿಗೆ ಮುಂಚೆಯೇ ತಿರುಗಿಬಿಡಬೇಕು.

ರಸ್ತೆಯ ಮೇಲ್ಮೈ ಬೆಳೆಯೊಂದಿಗೆ ಬದಲಾಗುತ್ತದೆ. ಮೊದಲ ಮಳೆಗೆ ತಂಬಾಕಿನ ಹೊಲಗಳಿಂದ ಟ್ರ್ಯಾಕ್ಟರುಗಳು ಹೊತ್ತು ತರುವ ಕೆಮ್ಮಣ್ಣು ಡಾಂಬರಿನ ಮೇಲೆ ಬೆಣ್ಣೆಯಂತೆ ಜಾರುತ್ತದೆ. ಸಪೂರ ಟೈರಿನವರು ಬೀಳುವುದು ಅಲ್ಲೇ. ಡಿಸೆಂಬರ್, ಜನವರಿಯಲ್ಲಿ ರಸ್ತೆಯೇ ಕಣವಾಗುತ್ತದೆ. ರಾಗಿ ತೆನೆ, ಹುರುಳಿ ಬಳ್ಳಿ ಹರವಿರುತ್ತಾರೆ. ರಾಗಿಯ ಮೇಲೆ ನಿಧಾನವಾಗಿ ಹಾಯಬಹುದು. ಹುರುಳಿಯ ಮೇಲೆ ಇಳಿದು ನಡೆಯಬೇಕು.

ಇದನ್ನು ಕಲಿತದ್ದು ಹುಣಸೂರು-ಕೋಟೆ ರಸ್ತೆಯಲ್ಲಿ. ಹುರುಳಿ ಬಳ್ಳಿ ಹಿಂದಿನ ಗೇರಿಗೆ ಸುತ್ತಿಕೊಂಡು, ಗೇರನ್ನು ಹಿಡಿದಿರುವ ಹ್ಯಾಂಗರ್ ಒಳಕ್ಕೆ ಬಾಗಿತು. ಹ್ಯಾಂಗರ್ ಒಂದೊಂದು ಚೌಕಟ್ಟಿಗೂ ಬೇರೆ, ಬೇಕೆಂದಾಗ ಸಿಗುವುದಿಲ್ಲ. ಸೈಕಲ್ ಕೊಳ್ಳುವಾಗಲೇ ಇನ್ನೊಂದನ್ನು ಕೇಳಿ ಪಡೆಯಬೇಕು. ನಾನು ಪಡೆದಿರಲಿಲ್ಲ. ತಳ್ಳಿಕೊಂಡು ಹೋಗಿ ಸಿಕ್ಕ ಮೊದಲ ಪಂಚರ್ ಅಂಗಡಿಯ ಮುಂದೆ ನಿಲ್ಲಿಸಿದೆ. ಅಂಗಡಿಯವರು ಕುಕ್ಕರಗಾಲಿನಲ್ಲಿ ಕೂತು ನೋಡಿ, “ಬಗ್ಗಿದೆ ಸಾರ್, ಮುರಿದಿಲ್ಲ” ಎಂದರು. ರಿಪೇರಿಗೆ ಬಂದಿದ್ದ ಯಾವುದೋ ಹುಡುಗನ ಗೇರ್ ಸೈಕಲ್ಲಿನ ಹಿಂಚಕ್ರ ಬಿಚ್ಚಿ, ಅದರ ಅಚ್ಚಿನ ತುದಿಯನ್ನು ಹ್ಯಾಂಗರಿನ ತೂತಿಗೆ ತಿರುಗಿಸಿ ಕೂರಿಸಿದರು. ಎರಡರ ಮರೆಯೂ ಒಂದೇ ಎಂದು ಅವರಿಗೆ ಗೊತ್ತಿತ್ತು. ಆಮೇಲೆ ಆ ಚಕ್ರವನ್ನೇ ಸನ್ನೆಗೋಲಾಗಿ ಹಿಡಿದು, ನನ್ನ ಹಿಂಚಕ್ರಕ್ಕೆ ಮೇಲೂ ಕೆಳಗೂ ಸಮಾನಾಂತರ ಬರುವವರೆಗೆ ಕೂದಲೆಳೆಯಷ್ಟು ಕೂದಲೆಳೆಯಷ್ಟಾಗಿ ಎಳೆದರು. ಅಲ್ಯೂಮಿನಿಯಮ್ ಎರಡನೆಯ ಸಲ ಬಾಗಿದರೆ ಮುರಿಯುತ್ತದೆಂದು ಎಚ್ಚರಿಸಿ, ಗೇರು ಒಂದರಿಂದ ಎಂಟರವರೆಗೆ ಬೀಳುವುದನ್ನು ಎರಡು ಸಲ ನೋಡಿದ ಮೇಲೆಯೇ ಕೈ ಒರೆಸಿಕೊಂಡರು.