ಪ್ರೋಟೀನಿನ ಸಕ್ಕರೆ ಸರಪಳಿ
1957ರಲ್ಲಿ ಅಮೆರಿಕದ ಥಿಯೋಡರ್ ಪಕ್ ಚೀನೀ ಹ್ಯಾಮ್‌ಸ್ಟರ್ ಎಂಬ ಪುಟ್ಟ ಪ್ರಾಣಿಯ ಅಂಡಾಶಯದಿಂದ ಬೆಳೆಸಿದ ಕೋಶಗಳ ಸಂತತಿ ಇಂದಿಗೂ ಔಷಧ ತಯಾರಿಸುತ್ತಿದೆ.

ಸಕ್ಕರೆ ಸರಪಳಿ ಬೇಡದ ಇನ್ಸುಲಿನ್ ತಯಾರಿಸಲು ಬ್ಯಾಕ್ಟೀರಿಯಾ ಸಾಕು. ಆದರೆ ಪ್ರೋಟೀನಿಗೆ ಮನುಷ್ಯರಲ್ಲಿರುವಂಥ ಸಕ್ಕರೆ ಸರಪಳಿ ಹೆಣೆಯಲು ಸಸ್ತನಿಗಳ ಕೋಶವೇ ಒಳ್ಳೆಯದು. ರಕ್ತಹೀನತೆಗೆ ಕೊಡುವ ಎರಿತ್ರೋಪೊಯೆಟಿನ್‌ನ ಸರಪಳಿಗಳ ತುದಿಯಲ್ಲಿ ಸಿಯಾಲಿಕ್ ಆಮ್ಲ ಇಲ್ಲದಿದ್ದರೆ ಯಕೃತ್ತು ಅದನ್ನು ರಕ್ತದಿಂದ ಬೇಗನೆ ಹೆಕ್ಕಿಬಿಡುತ್ತದೆ. ಅದಕ್ಕಾಗಿ ಈ ಪ್ರೋಟೀನಿನ ಸಾರಜನಕಕ್ಕೆ ಅಂಟುವ ಸರಪಳಿಗಳನ್ನು ವಿಜ್ಞಾನಿಗಳು 3ರಿಂದ 5ಕ್ಕೇರಿಸಿದರು. ಹೀಗೆ 2001ರಲ್ಲಿ ಬಂದ ಡಾರ್ಬೆಪೊಯೆಟಿನ್ ರಕ್ತದಲ್ಲಿ ಸುಮಾರು ಮೂರು ಪಟ್ಟು ಹೆಚ್ಚು ಕಾಲ ಉಳಿಯಿತು. ಪದೇ ಪದೇ ಸೂಜಿ ಚುಚ್ಚಿಸಿಕೊಳ್ಳುವ ಮೂತ್ರಪಿಂಡ ರೋಗಿಗೆ ಇದು ಸಣ್ಣ ಮಾತಲ್ಲ.

ಬೆಂಗಳೂರಿನ ಬಯೋಕಾನ್ ಸ್ತನ ಕ್ಯಾನ್ಸರಿನ ಔಷಧ ಟ್ರಾಸ್ಟುಜುಮಾಬ್‌ನ ತದ್ರೂಪವನ್ನು ತಯಾರಿಸಿದ್ದು ಇದೇ ಹ್ಯಾಮ್‌ಸ್ಟರ್ ಕೋಶಗಳಲ್ಲಿ. ಮೂಲ ಔಷಧದ ಸಕ್ಕರೆ ವಿನ್ಯಾಸವನ್ನು ಸರಿಗಟ್ಟುವುದೇ ಕಠಿಣ: ಫ್ಯೂಕೋಸ್ ಎಂಬ ಸಕ್ಕರೆ ಕಡಿಮೆಯಾದರೂ ಸಾಕು, ಕ್ಯಾನ್ಸರ್ ಕೋಶಗಳ ಮೇಲೆ ರಕ್ಷಕ ಕೋಶಗಳ ದಾಳಿ ಬಿರುಸಾಗುತ್ತದೆ. 2013ರಲ್ಲಿ ಭಾರತ, 2017ರ ಡಿಸೆಂಬರ್‌ನಲ್ಲಿ ಅಮೆರಿಕ ಬಯೋಕಾನ್‌ನ ಔಷಧಕ್ಕೆ ಒಪ್ಪಿಗೆ ಕೊಟ್ಟವು.